ತಿಮ್ಮನಿಗೇನು ಕಮ್ಮಿ?

ಮಗು ಹುಟ್ಟಿ ಹನ್ನೊಂದು ದಿನವೂ ಕಳೆದಿರುವುದಿಲ್ಲ, ಅದಕ್ಕೆ ಆಗಲೇ ಒಬ್ಬ ಶತ್ರು ಗೊತ್ತಾಗಿರುತ್ತಾನೆ. ಇನ್ನಾರು ವರ್ಷಕ್ಕೆ ಒಂದನೇ ಕ್ಲಾಸಿನಲ್ಲಿ ಪಕ್ಕದ ಬೆಂಚಿಗೆ ಬಂದು ಕೂರಲಿರುವ ಹುಡುಗ ಅವನು. ಪಾಪ, ಅವನೂ ಈಗ ಯಾವುದೋ ತೊಟ್ಟಿಲಲ್ಲಿ ಬೆರಳು ಚೀಪುತ್ತ ಮಲಗಿದ್ದಾನೆ. ಆದರೂ ನಮ್ಮ ಮನೆಗಳಲ್ಲಿ ಹೆಸರು ಹುಡುಕುವ ಕೆಲಸ ನಡೆಯುತ್ತಿರುವುದು ಅವನ ಹೆದರಿಕೆಯಲ್ಲೇ. ಅಜ್ಜನ ಹೆಸರಿಡೋಣವೇ ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ‘ಸ್ಕೂಲಲ್ಲಿ ಆಡ್ಕೋತಾರೆ’ ಎಂಬ ಒಂದು ಮಾತಿಗೆ ಅಜ್ಜ, ಮನೆದೇವರು, ಊರು ಮೂರೂ ಸೋತು ಸುಮ್ಮನಾಗುತ್ತವೆ. ಸೋದರತ್ತೆ ಮಗುವಿನ ಕಿವಿಯಲ್ಲಿ ಏನು ಉಸುರಬೇಕೆಂಬುದು ಅಷ್ಟರಲ್ಲಿ ಮೊಬೈಲಿನಲ್ಲಿ ತೀರ್ಮಾನವಾಗಿರುತ್ತದೆ.

ಯಾರೂ ನಗದಂಥ ಹೆಸರಿಡುವುದು ಹೆತ್ತವರ ಮೊದಲ ಹೊಣೆ ಎಂಬ ಈ ನಂಬಿಕೆ ಎಷ್ಟು ಸಭ್ಯವಾಗಿ ಕಾಣುತ್ತದೆಂದರೆ ಅದನ್ನು ಪ್ರಶ್ನಿಸುವವನೇ ಕಟುಕನಂತೆ ತೋರುತ್ತಾನೆ. ಆ ಅಪವಾದ ಬಂದರೂ ಬರಲಿ. ನಗುವವನು ಯಾರು, ಏನನ್ನು ಕಂಡು ನಗುತ್ತಾನೆ, ಆ ನಗುವನ್ನು ಅವನಿಗೆ ಕಲಿಸಿದವರು ಯಾರು ಎಂದು ಕೇಳುವ ಗೋಜಿಗೇ ಹೋಗದೆ, ನಗೆಗೀಡಾಗುವ ಮಗುವಿನ ಹೆಸರನ್ನೇ ತೊಳೆದು ತಿಕ್ಕಿ ಸಪ್ಪೆ ಮಾಡುವುದು, ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಳ್ಳುವ ಬುದ್ಧಿವಂತಿಕೆ. ಅದನ್ನು ಮಗುವಿನ ಮೇಲಿನ ಪ್ರೀತಿ ಎಂದು ಕರೆಯುವುದಕ್ಕೆ ನನ್ನ ಒಪ್ಪಿಗೆಯಿಲ್ಲ.

ಮೊದಲು ನೋಡಬೇಕಾದದ್ದು, ನಾವು ನಗುವುದು ಯಾವ ಹೆಸರುಗಳಿಗೆ ಎಂಬುದನ್ನು. ತಿಮ್ಮ, ಬೋರ, ಕರಿಯ, ಕೆಂಚ, ಹುಚ್ಚಪ್ಪ, ಗುಂಡಪ್ಪ, ತಿಪ್ಪೇಸ್ವಾಮಿ, ಪುಟ್ಟಮ್ಮ, ಸಾಕಮ್ಮ, ದ್ಯಾಮವ್ವ, ದುರುಗವ್ವ. ಲಂಬೋದರನ ಹೊಟ್ಟೆ ಯಾರಿಗೂ ನಗು ತರಿಸುವುದಿಲ್ಲ. ಕೃಷ್ಣಪ್ಪನೂ ಕರಿಯಪ್ಪನೂ ಬಣ್ಣದಲ್ಲಿ ಒಂದೇ ಆದರೂ ಒಬ್ಬನಿಗೆ ಪೂಜೆ, ಇನ್ನೊಬ್ಬನಿಗೆ ಮುಸಿನಗು. ಪಟ್ಟಿಯನ್ನು ಇನ್ನೂ ಎಷ್ಟು ಉದ್ದ ಬೆಳೆಸಿದರೂ ಅದರಲ್ಲಿ ಸಿಗುವುದು ಕನ್ನಡದ ಹೆಸರು, ಹಳ್ಳಿಯ ಹೆಸರು, ಒಕ್ಕಲು ಮಕ್ಕಳ ಹೆಸರು, ಕೇರಿಯ ಹೆಸರು. ಇದನ್ನು ಆಕಸ್ಮಿಕ ಎನ್ನುವುದು ಹೇಗೆ? ಆರು ವರ್ಷದ ಮಕ್ಕಳಿಗೆ ತಾವಾಗಿಯೇ ಇಷ್ಟು ಕರಾರುವಾಕ್ಕಾದ ಜಾತಿ ಲೆಕ್ಕ ಬರುವುದಿಲ್ಲ.

ತಿಮ್ಮನನ್ನೇ ತೆಗೆದುಕೊಳ್ಳಿ. ಕನ್ನಡದ ನಗೆಹನಿಗಳಲ್ಲಿ ಗುಂಡ ಮತ್ತು ತಿಮ್ಮ ಇಬ್ಬರೂ ಕಾಯಂ ದಡ್ಡರು. ಪತ್ರಿಕೆಯ ಮೂಲೆಯಲ್ಲಿ, ಟೀವಿಯ ಹಾಸ್ಯದಲ್ಲಿ, ಮದುವೆಮನೆಯ ಮಾತಿನಲ್ಲಿ ಪೆದ್ದುತನಕ್ಕೆ ಇವರಿಬ್ಬರೇ ಗುತ್ತಿಗೆದಾರರು. ಆದರೆ ತಿಮ್ಮಪ್ಪನೆಂದರೆ ತಿರುಪತಿಯ ಒಡೆಯ. ಕೊಡಗಿನ ಕೆ.ಎಸ್. ತಿಮ್ಮಯ್ಯ 1957ರಿಂದ 1961ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದವರು. ಅದಕ್ಕೂ ಮೊದಲು ಕೊರಿಯಾ ಯುದ್ಧದ ಕೈದಿಗಳನ್ನು ಅವರವರ ದೇಶಕ್ಕೆ ಕಳಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು. 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕತ್ವ ವಹಿಸಿದ್ದಾಗ ತೀರಿಕೊಂಡರು, ಮರುವರ್ಷ ಆ ದೇಶ ಅವರ ನೆನಪಿಗೆ ಅಂಚೆಚೀಟಿ ತಂದಿತು. ಹುಲಿಕಲ್‌ನಿಂದ ಕುದೂರಿನವರೆಗಿನ ರಸ್ತೆಯಲ್ಲಿ 385 ಆಲದ ಮರ ಬೆಳೆಸಿದಾಕೆಯ ಹೆಸರು ತಿಮ್ಮಕ್ಕ. ಇನ್ನು 1943ರಲ್ಲಿ ಗುಂಡಪ್ಪ ಎಂಬ ಹೆಸರಿನವರೊಬ್ಬರು ತಮ್ಮ ಪದ್ಯಗಳನ್ನೆಲ್ಲ ಒಬ್ಬ ತಿಮ್ಮನ ಬಾಯಲ್ಲಿ ಹೇಳಿಸಿದರು, ಅದೂ ಮಂಕುತಿಮ್ಮ! ನಗೆಹನಿಯ ಗುಂಡನೂ ತಿಮ್ಮನೂ ಒಂದೇ ರಕ್ಷಾಪುಟದಲ್ಲಿ ಕೂತಿರುವ ಆ ಪುಸ್ತಕ ಇವತ್ತು ಮಗನಿಗೆ ‘ರಿಯಾನ್’ ಎಂದು ಹೆಸರಿಟ್ಟವರ ಮನೆಯ ಕಪಾಟಿನಲ್ಲೂ ಇರುತ್ತದೆ. ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಬಂದದ್ದು. ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದವರೂ ಪುಟ್ಟಪ್ಪನೇ ಅಲ್ಲವೇ?

‘ಅವರು ದೊಡ್ಡವರು, ಅವರ ಮಾತೇ ಬೇರೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ದೊಡ್ಡವರಾಗುವ ಮೊದಲು ಅವರೂ ಹಾಜರಿ ಪುಸ್ತಕದಲ್ಲಿ ಬರೀ ಪುಟ್ಟಪ್ಪ, ಬರೀ ಗುಂಡಪ್ಪ ಆಗಿದ್ದರು. ಅವರು ಬೆಳೆದ ಊರಿನಲ್ಲಿ ಆ ಹೆಸರು ನಗುವಂಥದ್ದಾಗಿರಲಿಲ್ಲ, ಅಷ್ಟೇ. ಈಗ ಆಗಿದೆ. ನಡುವೆ ಬದಲಾದದ್ದು ನಮ್ಮ ಕಿವಿ.

ತಿಪ್ಪೆಯ ಕತೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಎಲ್ಲಕ್ಕಿಂತ ಹೆಚ್ಚು ನಗೆಗೆ ಗುರಿಯಾಗಿರುವುದು ಅದೇ. ಚಿತ್ರದುರ್ಗ, ದಾವಣಗೆರೆ, ಬಳ್ಳಾರಿ ಕಡೆಯ ಯಾವ ಕಾಲೇಜಿನ ಪಟ್ಟಿ ತೆಗೆದರೂ ತಿಪ್ಪೇಸ್ವಾಮಿ, ತಿಪ್ಪಣ್ಣ, ತಿಪ್ಪೇಶ, ತಿಪ್ಪಮ್ಮ ಸಿಗುತ್ತಾರೆ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಯ ಗುಡಿಯಿದೆ, ರಥೋತ್ಸವಕ್ಕೆ ಜನಸಾಗರ ಸೇರುತ್ತದೆ; ಹರಕೆ ಹೊತ್ತವರು ಆ ಹೆಸರಿಡುತ್ತಾರೆ. ಅದರ ಜೊತೆಗೆ ಇನ್ನೊಂದು ಹಳೆಯ ರೂಢಿಯೂ ಇತ್ತು. ಹುಟ್ಟಿದ ಕೂಸುಗಳು ಒಂದರ ಹಿಂದೊಂದು ಕೈಬಿಟ್ಟು ಹೋದ ಮನೆಯಲ್ಲಿ, ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ, ಎತ್ತಿಕೊಂಡು ಬಂದು, ತಿಪ್ಪ ಎಂದು ಕರೆಯುತ್ತಿದ್ದರು. ಇದು ನಮಗೆ ಬೇಡವಾದದ್ದು, ಕಸದ ಜೊತೆ ಸಿಕ್ಕಿದ್ದು ಎಂದು ಸಾವಿಗೆ ಸುಳ್ಳು ಹೇಳಿ ಅದರ ಕಣ್ಣು ತಪ್ಪಿಸುವ ಉಪಾಯ. ಗುಂಡ, ಕಲ್ಲ ಎಂಬ ಹೆಸರುಗಳಲ್ಲೂ ಹಲವು ಕಡೆ ಇದೇ ಲೆಕ್ಕ: ಕಲ್ಲಿನ ಹಾಗೆ ಗಟ್ಟಿಯಾಗಿ ಉಳಿಯಲಿ. ಹುಚ್ಚಪ್ಪನಲ್ಲಿ ಒಂದು ಕಡೆ ಇದೇ ಉಪಾಯವಿದ್ದರೆ ಮತ್ತೊಂದು ಕಡೆ ದೇವರೇ ಇದ್ದಾನೆ. ಶಿಕಾರಿಪುರದ ಹನುಮಂತನಿಗೆ ಹುಚ್ಚುರಾಯಸ್ವಾಮಿ ಎಂದೇ ಹೆಸರು.

1971ರಷ್ಟು ಈಚೆಗೂ ಭಾರತದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 129 ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಆ ಲೆಕ್ಕದೊಳಗೆ ಬದುಕಿದ ತಾಯಿ ತನ್ನ ಮಗನಿಗೆ ತಿಪ್ಪೇಸ್ವಾಮಿ ಎಂದಳು. ಅವಳ ಮುಂದಿದ್ದ ಪ್ರಶ್ನೆ ಈ ಕೂಸು ಉಳಿಯುತ್ತದೋ ಇಲ್ಲವೋ ಎಂಬುದು. ಅವಳ ಮೊಮ್ಮಗ ಇಂಜಿನಿಯರಾಗಿ, ಫ್ಲ್ಯಾಟು ಕೊಂಡು, ಅಪ್ಪನ ಹೆಸರು ಕೇಳಿದವರಿಗೆ ‘ಟಿ. ಸ್ವಾಮಿ’ ಎನ್ನುತ್ತಾನೆ. ‘ಕರ್ನಾಟಕ ಸಂಸ್ಕೃತಿ ಸಮೀಕ್ಷೆ’ಗೆ 1969ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ವಿದ್ವಾಂಸರು ಪುಸ್ತಕದ ಮೇಲೆ ಎಚ್. ತಿಪ್ಪೇರುದ್ರಸ್ವಾಮಿ ಎಂದೇ ಅಚ್ಚು ಹಾಕಿಸಿದರು. ಅವರಿಗೆ ‘ಟಿ. ಸ್ವಾಮಿ’ ಹೊಳೆಯಲಿಲ್ಲವೆಂದು ಕಾಣುತ್ತದೆ.

ಈ ನಗುವಿಗೆ ಶಾಸ್ತ್ರದ ಆಧಾರವೂ ಇದೆ. ಮನುಸ್ಮೃತಿಯ ಎರಡನೇ ಅಧ್ಯಾಯ ಹೆಸರಿಡುವ ನಿಯಮ ಹೇಳುತ್ತದೆ: ಬ್ರಾಹ್ಮಣನ ಹೆಸರು ಮಂಗಳಕರವಾಗಿರಲಿ, ಕ್ಷತ್ರಿಯನದು ಬಲವನ್ನು, ವೈಶ್ಯನದು ಧನವನ್ನು ಸೂಚಿಸಲಿ, ಶೂದ್ರನದು ಹೇಸಿಗೆ ಹುಟ್ಟಿಸುವಂತಿರಲಿ. ಹೆಂಗಸರ ಹೆಸರು ಸುಲಭವಾಗಿ ನುಡಿಯುವಂಥದ್ದು, ಕಿವಿಗೆ ಹಿತವಾದದ್ದು, ದೀರ್ಘ ಸ್ವರದಲ್ಲಿ ಮುಗಿಯುವಂಥದ್ದು ಆಗಬೇಕಂತೆ. ಆದ್ಯಾ, ಅನನ್ಯಾ, ಅನಾಯಾ ಎಂದು ಪುಟ್ಟ ಹುಡುಗಿಯರ ಹೆಸರು ಬರೆಯುತ್ತ ಹೋದರೆ ಎರಡು ಸಾವಿರ ವರ್ಷದ ಹಿಂದಿನ ಆ ಮುದುಕ ಎಲ್ಲೋ ತಲೆದೂಗುತ್ತಿರಬೇಕು. ಆದರೆ ನಮ್ಮ ಜನ ಅವನ ಮಾತನ್ನು ಪೂರ್ತಿ ನಡೆಸಿಕೊಡಲಿಲ್ಲ. ಹೊಲದ, ಕಲ್ಲಿನ, ಮಾರಿಯ, ಬಣ್ಣದ ಹೆಸರುಗಳನ್ನು ಇಟ್ಟುಕೊಂಡರು, ಅದರ ಬಾಲಕ್ಕೆ ಅಪ್ಪ, ಅಯ್ಯ, ಅಮ್ಮ, ಅವ್ವ, ಗೌಡ ಎಂದು ಸೇರಿಸಿ ಗೌರವ ತುಂಬಿದರು. ಅವಮಾನ ಮಾಡಬೇಕೆಂದಿದ್ದ ಧಣಿಗೆ ಅದಕ್ಕೇ ಹೆಸರಿನಲ್ಲಿ ಏನೂ ಸಿಗದೆ ಬಾಲವನ್ನು ಕತ್ತರಿಸಬೇಕಾಯಿತು: ಮಾರಯ್ಯ ಮಾರ ಆದ, ಕರಿಯಪ್ಪ ಕರಿಯ ಆದ, ಜೊತೆಗೊಂದು ‘ಲೋ’ ಸೇರಿತು. ನೋವು ಇದ್ದದ್ದು ಆ ಕತ್ತರಿಯಲ್ಲಿ. ಹೇಸಿಗೆ ಹುಟ್ಟಿಸುವ ಹೆಸರಿಡಿ ಎಂದವನು ಮನು. ಆ ಹೆಸರುಗಳನ್ನು ಕೇಳಿ ಹೇಸಿಕೊಳ್ಳುವುದನ್ನು ಕಲಿತು ಅವನ ಕೆಲಸವನ್ನು ಮುಗಿಸಿಕೊಟ್ಟವರು, ಶಾಲೆ ಕಲಿತ ನಾವು.

12ನೇ ಶತಮಾನದ ಶರಣರು ಇದಕ್ಕೆ ಹಾಕಿಕೊಟ್ಟ ದಾರಿ ಬೇರೆ. ಹೆಂಡ ಮಾರುತ್ತಿದ್ದವನು ಹೆಂಡದ ಮಾರಯ್ಯ, ಕನ್ನ ಹಾಕುತ್ತಿದ್ದವನು ಕನ್ನದ ಮಾರಿತಂದೆ, ದೋಣಿ ನಡೆಸುತ್ತಿದ್ದವನು ಅಂಬಿಗರ ಚೌಡಯ್ಯ, ಬಿದಿರು ಹೆಣೆಯುತ್ತಿದ್ದವನು ಮೇದರ ಕೇತಯ್ಯ. ಸೂಳೆ ಸಂಕವ್ವೆ ಆ ಹೆಸರಿನಲ್ಲೇ ವಚನಕಾರ್ತಿಯರ ಸಾಲಿನಲ್ಲಿ ನಿಂತಿದ್ದಾಳೆ. ಆಡಿಕೊಳ್ಳುವವರಿಗೆ ಸಿಗಬಹುದಾಗಿದ್ದ ಎಲ್ಲವನ್ನೂ ಆ ಪರಂಪರೆ ಹೆಸರಿನ ಮುಂದೆಯೇ ತಂದಿಟ್ಟಿತು, ಹಿಂದೆ ಅಯ್ಯ, ತಂದೆ, ಅವ್ವೆ ಎಂದು ಜೋಡಿಸಿತು. ವಚನ ಸಂಪುಟ ಅಚ್ಚು ಹಾಕುವಾಗ ಇವರ ಹೆಸರನ್ನು ಸ್ವಲ್ಪ ‘ಮಾಡರ್ನ್’ ಮಾಡೋಣ ಎಂದು ಈವರೆಗೆ ಯಾವ ಸಂಪಾದಕರಿಗೂ ಅನ್ನಿಸಿಲ್ಲ. ಸಮಾಧಾನ.

ನಗುವಿಗೆ ಸರಹದ್ದೂ ಇರುತ್ತದೆ. ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ, ಅಕ್ಕಿ, ಕತ್ತಿ, ಕೋಳಿವಾಡ ಎಂಬ ಮನೆತನದ ಹೆಸರುಗಳಿಗೆ ಹುಬ್ಬಳ್ಳಿ, ಗದಗ, ಬಾಗಲಕೋಟೆಗಳಲ್ಲಿ ಯಾರೂ ತಿರುಗಿ ಸಹ ನೋಡುವುದಿಲ್ಲ. ಅದೇ ಹುಡುಗ ಬೆಂಗಳೂರಿನ ಹಾಸ್ಟೆಲಿಗೆ ಬಂದು ಬೀಳುವ ದಿನ ಅವನ ಹೆಸರು ತಮಾಷೆಯಾಗುತ್ತದೆ. ರೈಲಿನಲ್ಲಿ ಒಂದು ರಾತ್ರಿ ಕಳೆಯುವಷ್ಟರಲ್ಲಿ ಹೆಸರಿಗೆ ಏನಾಗಿಬಿಟ್ಟಿತು? ತುಳುನಾಡಿನಲ್ಲಿ ಹುಟ್ಟಿದ ವಾರದ ಹೆಸರಿಡುತ್ತಿದ್ದರು: ಐತ, ಸೋಮ, ಅಂಗಾರ, ಬೂದ, ಗುರುವ, ತುಕ್ರ, ತನಿಯ. ಹೆಚ್ಚಾಗಿ ದುಡಿಯುವ ಜಾತಿಗಳಲ್ಲಿ ಇದ್ದ ಈ ಹೆಸರುಗಳು ಯಕ್ಷಗಾನದ, ನಾಟಕದ ಹಾಸ್ಯದಾಳುಗಳಿಗೆ ಮೀಸಲಾದವು. ಮಂಗಳವಾರದ ಹೆಸರು ಹೊತ್ತ ಎಸ್. ಅಂಗಾರರನ್ನು ಸುಳ್ಯದ ಜನ 1994ರಿಂದ ಸತತ ಆರು ಸಲ ಶಾಸನಸಭೆಗೆ ಕಳಿಸಿದರು, 2021ರಲ್ಲಿ ಅವರು ಮಂತ್ರಿಯೂ ಆದರು. ಅಷ್ಟಾದರೂ ಆ ಸೀಮೆಯಲ್ಲಿ ಈಗ ಹುಟ್ಟುತ್ತಿರುವ ಒಂದು ಮಗುವಿಗೆ ಅಂಗಾರ ಎಂದು ಹೆಸರಿಡುವ ಧೈರ್ಯ ಎಷ್ಟು ಮನೆಗಳಿಗಿದೆಯೋ ಕೇಳಿ ನೋಡಿ.

ಬಿಡದಿ ಬಳಿಯ ಭದ್ರಾಪುರದ ಹಕ್ಕಿಪಿಕ್ಕಿ ಜನ ಮಕ್ಕಳಿಗೆ ಹೈಕೋರ್ಟ್, ಗೂಗಲ್, ಕಾಫಿ, ಮೈಸೂರುಪಾಕ್ ಎಂದೆಲ್ಲ ಹೆಸರಿಟ್ಟಿರುವುದನ್ನು ಪತ್ರಿಕೆಗಳು ನಾಲ್ಕಾರು ವರ್ಷಕ್ಕೊಮ್ಮೆ ಹೊಸ ಸುದ್ದಿಯೆಂಬಂತೆ ಅಚ್ಚು ಹಾಕಿ ನಕ್ಕು ಹೋಗುತ್ತವೆ. ಕಾಡಿನಿಂದ ಊರಿಗೆ ಬಂದ ಜನ ಊರಲ್ಲಿ ಕಂಡದ್ದನ್ನು, ಇಷ್ಟವಾದದ್ದನ್ನು ಮಕ್ಕಳಿಗೆ ಕೊಟ್ಟರು. ನನಗೆ ಅದರಲ್ಲಿ ‘ಕಿಯಾನ್’ಗಿಂತ ಹೆಚ್ಚು ತರ್ಕ ಕಾಣುತ್ತದೆ.

ಹೋಗಲಿ, ಯಾರೂ ಆಡಿಕೊಳ್ಳದ ಹೆಸರಿಟ್ಟವರಿಗೆ ಸಿಕ್ಕಿದ್ದೇನು? ಒಂದೇ ತರಗತಿಯಲ್ಲಿ ನಾಲ್ಕು ಆದ್ಯಾ, ಮೂರು ವಿಹಾನ್. ಟೀಚರು ಆದ್ಯಾ ಕೆ., ಆದ್ಯಾ ಎಸ್. ಎಂದು ಬೇರ್ಪಡಿಸುತ್ತಾರೆ. ಮಕ್ಕಳಿಗೆ ಇನಿಷಿಯಲ್ ಸಾಲುವುದಿಲ್ಲ. ಅವರು ದಪ್ಪ ಆದ್ಯಾ, ಕರಿ ಆದ್ಯಾ, ಸೋಡಾಬುಡ್ಡಿ ಆದ್ಯಾ ಎಂದು ವಿಂಗಡಿಸುತ್ತಾರೆ. ಹೆಸರಿನಲ್ಲಿ ಹಿಡಿಯಲು ಏನೂ ಉಳಿಸದಿದ್ದರೆ ಅವರು ಮೈಯನ್ನು ಹಿಡಿಯುತ್ತಾರೆ. ತಿಪ್ಪಮ್ಮನಿಗಾದರೆ ಹೆಸರಿನ ಬಗ್ಗೆ ಅಂದರು ಎಂದು ಹೇಳಿಕೊಳ್ಳುವ ದಾರಿಯಾದರೂ ಇತ್ತು. ನಕ್ಷತ್ರದ ಅಕ್ಷರ ನೋಡುವವರ ಪಾಡು ಇನ್ನೂ ಚೆನ್ನ: ಆರಿದ್ರಾ ನಕ್ಷತ್ರದ ಮಗುವಿಗೆ ಕು, ಘ, ಙ, ಛ, ಹಸ್ತಾ ನಕ್ಷತ್ರಕ್ಕೆ ಪು, ಷ, ಣ, ಠ, ಉತ್ತರಾಭಾದ್ರಕ್ಕೆ ದು, ಥ, ಝ, ಞ. ‘ಪು’ ಎಂದೊಡನೆ ಬಾಯಿಗೆ ಬರುವ ಪುಟ್ಟಪ್ಪನನ್ನು ಬದಿಗೆ ಸರಿಸಿ, ಷ ಮತ್ತು ಠ ಎಂಬ ಅಕ್ಷರಗಳಿಂದ ಏನಾದರೂ ‘ಯುನೀಕ್’ ಹುಟ್ಟೀತೇ ಎಂದು ವಾರಗಟ್ಟಲೆ ತಡಕಾಡುತ್ತಾರೆ. ಕೊನೆಗೆ ಅರ್ಥ ಕೇಳಿದರೆ ಎಲ್ಲ ಹೆಸರಿಗೂ ಒಂದೇ ಉತ್ತರ, ‘ಸೂರ್ಯನ ಮೊದಲ ಕಿರಣ’. ಮತ್ತೆ ಹಳ್ಳಿಯ ಅಜ್ಜಿಯ ಬಾಯಲ್ಲಿ ವ್ಯಂಜನಕ್ಕೆ ಹೆಸರು ನಿಲ್ಲುವುದಿಲ್ಲವಲ್ಲ; ಅವಳು ಆರವ್‌ನನ್ನು ‘ಆರವ್ವ’ ಎಂದು ಕೂಗುತ್ತಾಳೆ. ಗಂಡುಮಗು ಓಗೊಡುತ್ತದೆ.

ಹೊರದೇಶದಲ್ಲಿರುವ ಕನ್ನಡಿಗರ ಅಳುಕು ಬೇರೆ ಬಗೆಯದು. ದೀಕ್ಷಿತ್, ಹಾರ್ದಿಕ್ ಎಂಬ ಹೆಸರುಗಳನ್ನು ಇಂಗ್ಲಿಷಿನ ಕಿವಿ ಪೋಲಿ ಮಾತಾಗಿ ಕೇಳಿಸಿಕೊಳ್ಳುತ್ತದೆಂದು ಅವರು ಹೆದರುತ್ತಾರೆ. ಹೆದರಿಕೆ ಸುಳ್ಳಲ್ಲ. 2020ರಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನ ಕಾಲೇಜೊಂದರಲ್ಲಿ ಗಣಿತದ ಅಧ್ಯಾಪಕ ವಿಯೆಟ್ನಾಮಿ ಮೂಲದ ವಿದ್ಯಾರ್ಥಿನಿಗೆ, ನಿನ್ನ ಹೆಸರು ಇಂಗ್ಲಿಷಿನಲ್ಲಿ ಬೈಗುಳದಂತೆ ಕೇಳಿಸುತ್ತದೆ, ಅದನ್ನು ಇಂಗ್ಲಿಷಿಗೆ ಒಗ್ಗಿಸಿಕೋ ಎಂದು ಬರೆದ. ಅವಳು ಒಪ್ಪಲಿಲ್ಲ. ಕಾಲೇಜು ರಜೆಯ ಮೇಲೆ ಕಳಿಸಿದ್ದು ಅವನನ್ನು. ನಮ್ಮಲ್ಲಾಗಿದ್ದರೆ ‘ಮೇಷ್ಟ್ರು ಒಳ್ಳೇದಕ್ಕೇ ಹೇಳಿದ್ದಾರೆ’ ಎಂದು ಅಪ್ಪನೇ ಅಫಿಡವಿಟ್ಟು ಮಾಡಿಸುತ್ತಿದ್ದ. ಹಳೇ ಕಾಲದ್ದೆಂದು ನಾವು ಮೂಲೆಗೆ ಹಾಕಿದ ಕಮಲ ಎಂಬ ಹೆಸರಿನಾಕೆ ಅಮೆರಿಕದ ಉಪಾಧ್ಯಕ್ಷೆಯಾದದ್ದು ಅದೇ ವರ್ಷದ ಚುನಾವಣೆಯಲ್ಲಿ.

ಹೆಸರನ್ನು ಹಸನು ಮಾಡಿದರೆ ಬಾಳು ಹಸನಾಗುತ್ತದೆ ಎನ್ನುವವರು ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಬೇಕು. ಖಾಸಗಿ ಕಂಪನಿಗಳಿಗೆ ಒಂದೇ ಅರ್ಹತೆಯ ಅರ್ಜಿಗಳು ಹೋದವು, ಬೇರೆ ಇದ್ದದ್ದು ಹೆಸರು ಮಾತ್ರ. ಮೇಲ್ಜಾತಿಯ ಹಿಂದೂ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಂಭವ ಸುಮಾರು ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಮೂರನೇ ಒಂದರಷ್ಟು. ಆ ಹೆಸರುಗಳಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಇಲ್ಲಿ ಹೆತ್ತವರಿಗೆ ಯಾವ ಸಲಹೆ ಕೊಡುತ್ತೀರಿ? ಧರ್ಮವನ್ನೂ ನೋಡಿ ಇಡಿ ಎಂದೇ?

ಎದುರು ಪಕ್ಷದ ಒಂದು ಮಾತಿಗೆ ತೂಕವಿದೆ: ಮಗು ನಿಮ್ಮ ಚಳವಳಿಯ ಫಲಕವಲ್ಲ. ನಿಜ. ಎಲ್ಲರೂ ನಾಳೆಯಿಂದ ತಿಪ್ಪೇಸ್ವಾಮಿ ಎಂದೇ ಇಡಿ ಎಂದು ನಾನು ಹೇಳುತ್ತಿಲ್ಲ. ತಮ್ಮ ಚೇಷ್ಟೆಗೆ ಮಗುವನ್ನು ಬಳಸಿಕೊಳ್ಳುವ ಹೆತ್ತವರೂ ಇದ್ದಾರೆ. ನ್ಯೂಜಿಲೆಂಡಿನಲ್ಲಿ ‘ತಲೂಲಾ ಡಸ್ ದ ಹುಲಾ ಫ್ರಮ್ ಹವಾಯಿ’ ಎಂಬ ವಾಕ್ಯವನ್ನೇ ಹೆಸರಾಗಿ ಪಡೆದ ಒಂಬತ್ತು ವರ್ಷದ ಹುಡುಗಿ ಗೆಳತಿಯರಿಗೆ ‘ಕೆ’ ಎಂದಷ್ಟೇ ಹೇಳಿಕೊಳ್ಳುತ್ತಿದ್ದಳು. 2008ರಲ್ಲಿ ನ್ಯಾಯಾಧೀಶರು ಹೆಸರು ಬದಲಾಗುವವರೆಗೆ ಅವಳನ್ನು ನ್ಯಾಯಾಲಯದ ಪಾಲನೆಗೇ ತೆಗೆದುಕೊಂಡರು. ಸರಿಯಾಗಿಯೇ ಮಾಡಿದರು. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಗಂಡುಮಗು ಬೇಕೆಂದಿದ್ದವರು ಹೆಣ್ಣುಕೂಸಿಗೆ ‘ನಕುಶಾ’, ಬೇಡವಾದವಳು, ಎಂದು ಹೆಸರಿಡುತ್ತಿದ್ದರು. 2011ರಲ್ಲಿ ಜಿಲ್ಲಾಡಳಿತ ಅಂಥ 285 ಹುಡುಗಿಯರಿಗೆ ಹೊಸ ಹೆಸರು ಕೊಟ್ಟಿತು. ತಿಪ್ಪೇಸ್ವಾಮಿಯ ತಾಯಿ ಸಾವಿನ ಮುಂದೆ ಬೇಡ ಎಂದು ನಟಿಸಿದಳು, ನಕುಶಾಳ ಮನೆಯವರಿಗೆ ನಿಜಕ್ಕೂ ಬೇಡವಾಗಿತ್ತು. ನೋಡಬೇಕಾದದ್ದು ಇಟ್ಟವರ ಮನಸ್ಸನ್ನು. ನಾಳೆ ಕಿಸಕ್ಕೆನ್ನುವವನ ಹಲ್ಲನ್ನಲ್ಲ. ನಮ್ಮ ಸಾಕಮ್ಮಂದಿರಲ್ಲೂ ಕೆಲವರು ‘ಇನ್ನು ಸಾಕು’ ಎಂಬ ನಿಟ್ಟುಸಿರಿಗೆ ಹುಟ್ಟಿದವರೇ ಇರಬಹುದು. ಆದರೆ ‘ಕಾಫಿಪುಡಿ ಸಾಕಮ್ಮ’ ಎಂದೇ ಹೆಸರಾದ ಉದ್ಯಮಿ ಆ ಹೆಸರನ್ನು ಎಲ್ಲಿಗೆ ಒಯ್ದರೆಂಬುದಕ್ಕೆ ಬಸವನಗುಡಿಯ ಸಾಕಮ್ಮ ಗಾರ್ಡನ್ಸ್ ಇದೆ.

ಕೇರಿಯಲ್ಲಿ ಹುಟ್ಟಿ, ಗೌಡನೋ ಮೇಷ್ಟರೋ ಬರೆಸಿದ ಹೆಸರನ್ನು ಕಿತ್ತೊಗೆದು ತಮಗೆ ಬೇಕಾದ ಹೆಸರಿಟ್ಟುಕೊಂಡವರ ಬಗ್ಗೆ ನನ್ನದು ಒಂದಕ್ಷರದ ತಕರಾರೂ ಇಲ್ಲ. ಅದು ಅವರ ಹಕ್ಕು, ಸ್ವಂತ ತೀರ್ಮಾನ. ಅಂಜಿಕೆಯಿಂದ ಮಗನಿಗೆ ‘ಕಿಯಾನ್’ ಎನ್ನುವವನು ಆ ಹೋರಾಟದ ಹೆಸರು ಹೇಳಿಕೊಂಡು ಬರಬಾರದು, ಅಷ್ಟೆ.

ಸಲಹೆ ಕೊಡಲೇಬೇಕೆಂದಿದ್ದರೆ ಬಾಣಂತಿಯ ಕೋಣೆಯನ್ನು ಬಿಟ್ಟು ಸ್ಟಾಫ್ ರೂಮಿಗೆ ಹೋಗಿ. ಹೊಸ ಶಾಲೆಯ ಮೊದಲ ದಿನ ಹಾಜರಿ ಕೂಗುವ ಟೀಚರು ‘ಹುಚ್ಚಪ್ಪ’ ಎಂಬಲ್ಲಿ ಒಂದು ಕ್ಷಣ ತಡೆದು, ತುಟಿ ಕೊಂಕಿಸಿ, ‘ಏನೋ ಇದು ಹೆಸರು?’ ಎನ್ನುತ್ತಾರೆ. ಮಕ್ಕಳಿಗೆ ಅಲ್ಲಿಂದ ಪರವಾನಗಿ ಸಿಗುತ್ತದೆ. ಅದೇ ಟೀಚರು ಸೋಮಣ್ಣ ಎಂಬಷ್ಟೇ ಸಲೀಸಾಗಿ ಹುಚ್ಚಪ್ಪ ಎಂದು ಕೂಗಿ ಮುಂದಿನ ಹೆಸರಿಗೆ ಹೋದರೆ ನಗು ಹುಟ್ಟಲು ಜಾಗವೇ ಇಲ್ಲ. ಆಮೇಲೆ ಧಾರಾವಾಹಿ ಬರೆಯುವವರ ಹತ್ತಿರ ಹೋಗಿ. ಅಡುಗೆಯವಳು ಪುಟ್ಟಮ್ಮ, ಡ್ರೈವರ್ ಬೋರ, ವಾಚ್‌ಮನ್ ತಿಮ್ಮ, ಮನೆಯ ಯಜಮಾನ ಸಿದ್ಧಾರ್ಥ ಎಂಬ ಹಂಚಿಕೆಯನ್ನು ನಡುಮನೆಯಲ್ಲಿ ಕೂತು ದಿನಾ ರಾತ್ರಿ ನೋಡುವ ಮಗುವಿಗೆ ಯಾವ ಹೆಸರಿಗೆ ನಗಬೇಕೆಂದು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. 1970ರಲ್ಲಿ ರಾಜ್‌ಕುಮಾರ್ ‘ಬೋರೇಗೌಡ ಬೆಂಗಳೂರಿಗೆ ಬಂದ’ ಎಂಬ ಚಿತ್ರದ ನಾಯಕರಾಗಿದ್ದರು. ಈಗ ಬೋರೇಗೌಡ ಬಂದರೆ ಗೇಟಿನ ಹತ್ತಿರವೇ ನಿಲ್ಲಬೇಕು.

ಇಷ್ಟರ ಮೇಲೂ ಹುಡುಗನಿಗೆ ತನ್ನ ಹೆಸರು ಹಿಡಿಸದೆ ಹೋಗಬಹುದು. ತಿಪ್ಪೇಸ್ವಾಮಿಗೆ ಹಿಡಿಸದೆ ಹೋಗುವಂತೆ ವಿಹಾನ್‌ಗೂ ಹಿಡಿಸದೆ ಹೋಗಬಹುದು. ಅದಕ್ಕೆ ಕಾನೂನಿನಲ್ಲಿ ದಾರಿಯಿದೆ: ಹದಿನೆಂಟು ತುಂಬಿದ ಮೇಲೆ ಒಂದು ಅಫಿಡವಿಟ್ಟು, ಪತ್ರಿಕೆಯಲ್ಲಿ ಜಾಹೀರಾತು, ಗೆಜೆಟ್ ಪ್ರಕಟಣೆ. ಆ ಅರ್ಜಿ ಹಾಕುವವನು ಅವನಾಗಿರಲಿ. ಅವನಿನ್ನೂ ತೊಟ್ಟಿಲಲ್ಲಿರುವಾಗಲೇ, ಹುಟ್ಟಿಯೂ ಇಲ್ಲದ ಒಂದು ನಗುವಿಗೆ ಹೆದರಿ, ಅವನ ಪರವಾಗಿ ನಾವೇ ಹಾಕಿ ಮುಗಿಸುವುದು ಬೇಡ.